ಮರಕ್ಕೂ ಅಲ್ಯೂಮಿನಿಯಂಗೂ ಒಂದೇ ಸಿಎನ್‌ಸಿ ರೂಟರ್: ಮೋಟರಿಗಿಂತ ಮೊದಲು ಗ್ಯಾಂಟ್ರಿ ನೋಡಿ

ಪ್ರಶ್ನೆ: ಬೆಂಗಳೂರಿನ ನಾಗರಬಾವಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇನೆ. ಒಂದು ಕೋಣೆಯನ್ನು ಖಾಲಿ ಮಾಡಿಕೊಂಡು ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಯಂತ್ರ ಕಟ್ಟುವ ಆಸೆ. ತೇಗ, ಪ್ಲೈವುಡ್, ಜೊತೆಗೆ 6ರಿಂದ 8 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಕತ್ತರಿಸಬೇಕು. 4 ಅಡಿ × 4 ಅಡಿ ಬೆಡ್, ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ಫ್ರೇಮ್, ವಿ-ವ್ಹೀಲ್, ಬೆಲ್ಟ್, ಅಕ್ಷಗಳನ್ನು ಓಡಿಸಲು ನೆಮಾ 23 ಅಳತೆಯ ಮೋಟರ್, ಬಿಟ್ ತಿರುಗಿಸಲು 2.2 ಕಿಲೋವ್ಯಾಟ್ ಸ್ಪಿಂಡಲ್ ಎಂದು ಪಟ್ಟಿ ಮಾಡಿದ್ದೇನೆ. ಮನೆಗೆ ಸಿಂಗಲ್ ಫೇಸ್ ಲೈನ್ ಇದೆ. ಇನ್ನೂ ದೊಡ್ಡ ಮೋಟರ್ ಹಾಕಿದರೆ ಅಲ್ಯೂಮಿನಿಯಂ ಚೆನ್ನಾಗಿ ಕತ್ತರಿಸಬಹುದೇ? ದುಡ್ಡನ್ನು ಯಾವುದಕ್ಕೆ ಹೆಚ್ಚು ಹಾಕಬೇಕು?

ಉತ್ತರ: ಮೋಟರ್ ದೊಡ್ಡದು ಮಾಡಿದರೆ ಪ್ರಯೋಜನವಿಲ್ಲ. ಲೆಕ್ಕ ಹಾಕಿ ನೋಡಿ. 5 ಮಿ.ಮೀ. ಲೀಡ್ ಇರುವ, ಅಂದರೆ ಒಂದು ಸುತ್ತಿಗೆ 5 ಮಿ.ಮೀ. ಮುಂದೆ ಸಾಗಿಸುವ ಬಾಲ್ ಸ್ಕ್ರೂವಿಗೆ ಬರೀ 1 ನ್ಯೂಟನ್-ಮೀಟರ್ ಟಾರ್ಕ್ ಕೊಟ್ಟರೂ ಸುಮಾರು 1,100 ನ್ಯೂಟನ್, ಅಂದರೆ 110 ಕೆ.ಜಿ.ಗೂ ಮಿಕ್ಕಿದ ತಳ್ಳುಬಲ ಸಿಗುತ್ತದೆ. 6 ಮಿ.ಮೀ. ಬಿಟ್‌ನಿಂದ ಅಲ್ಯೂಮಿನಿಯಂ ಹದವಾಗಿ ಕತ್ತರಿಸಲು ಅದರ ಹತ್ತರಲ್ಲೊಂದು ಪಾಲು ಸಾಕು. ಮನೆಯಲ್ಲಿ ಕಟ್ಟಿದ ರೂಟರ್‌ಗಳು ಅಲ್ಯೂಮಿನಿಯಂ ಮುಂದೆ ಸೋಲುವುದು ಬಲ ಸಾಲದೆ ಅಲ್ಲ, ಬಾಗಿ. ಬಿಟ್‌ನ ತುದಿ 0.1 ಮಿ.ಮೀ. ಹಿಂದೆ ಸರಿದರೆ, ಪ್ರತಿ ಸುತ್ತಿಗೆ 0.04 ಮಿ.ಮೀ. ಸಿಪ್ಪೆ ತೆಗೆಯಬೇಕಾದ ಅಂಚು ಲೋಹವನ್ನು ಕಡಿಯುವುದೇ ಇಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಅಲ್ಯೂಮಿನಿಯಂ ಮೆತ್ತಗಾಗಿ ಬಿಟ್‌ನ ತೋಡಿಗೆ ಅಂಟಿಕೊಳ್ಳುತ್ತದೆ, ಮುಂದಿನ ಕ್ಷಣ ಬಿಟ್ ಮುರಿಯುತ್ತದೆ. ಮರ ಇಂಥ ಬಾಗುವಿಕೆಯನ್ನು ಕ್ಷಮಿಸುತ್ತದೆ, ಅಲ್ಯೂಮಿನಿಯಂ ಕ್ಷಮಿಸುವುದಿಲ್ಲ. ಹಾಗಾಗಿ ಇಡೀ ಯಂತ್ರವನ್ನು ಅಲ್ಯೂಮಿನಿಯಂಗೆ ತಕ್ಕಂತೆ ವಿನ್ಯಾಸ ಮಾಡಿ, ಮರದ ಕೆಲಸ ತಾನಾಗಿಯೇ ಆಗುತ್ತದೆ.

ನಿಮ್ಮ ಪಟ್ಟಿಯಲ್ಲಿ ಮೊದಲು ಬದಲಾಗಬೇಕಾದ್ದು 4 ಅಡಿ ಅಗಲ. ಎರಡು ತುದಿಗಳಲ್ಲಿ ಆಧಾರ ಇರುವ ತೊಲೆ ನಡುವೆ ಎಷ್ಟು ಬಾಗುತ್ತದೆ ಎಂಬುದು ಅದರ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ: ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ಗ್ಯಾಂಟ್ರಿಗೆ, ಅಂದರೆ ಬೆಡ್‌ನ ಅಡ್ಡಕ್ಕೆ ಸ್ಪಿಂಡಲನ್ನು ಹೊತ್ತು ಓಡುವ ತೊಲೆಗೆ, 80 × 80 × 4.8 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಚೌಕ ಟ್ಯೂಬ್ ತೆಗೆದುಕೊಳ್ಳೋಣ. 600 ಮಿ.ಮೀ. ಕತ್ತರಿಸುವ ಅಗಲಕ್ಕೆ ಎರಡು ಬದಿಯ ಆಧಾರಗಳ ನಡುವೆ ಸುಮಾರು 850 ಮಿ.ಮೀ. ಬೇಕು. ನಡುವೆ 10 ಕೆ.ಜಿ. ತಳ್ಳಿದರೆ ಟ್ಯೂಬ್ ಬಾಗುವುದು 0.005 ಮಿ.ಮೀ. ಆಸುಪಾಸು. 4 ಅಡಿ ಅಗಲಕ್ಕೆ ಅದೇ ಟ್ಯೂಬ್ 1,450 ಮಿ.ಮೀ. ಆಗಬೇಕು, ಬಾಗು 0.023ಕ್ಕೆ ಏರುತ್ತದೆ, ಅಂದರೆ ಸುಮಾರು ಐದು ಪಟ್ಟು. ಅದೇ ಅಳತೆಯಲ್ಲಿ ಅಲ್ಯೂಮಿನಿಯಂ ಹಾಕಿದರೆ ಇನ್ನೂ ಮೂರು ಪಟ್ಟು, ಏಕೆಂದರೆ ಉಕ್ಕಿನ ಬಿಗಿತ ಸುಮಾರು 200 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಂನದು 70.

ಇದು ನೇರ ಬಾಗುವಿಕೆಯ ಲೆಕ್ಕ ಮಾತ್ರ. ಅದಕ್ಕಿಂತ ಹೆಚ್ಚು ಕಾಡುವುದು ತಿರುಚು. ಬಿಟ್‌ನ ತುದಿ ಗ್ಯಾಂಟ್ರಿಯ ನಡುಗೆರೆಗಿಂತ 150–200 ಮಿ.ಮೀ. ಕೆಳಗಿರುತ್ತದೆ. ಅಲ್ಲಿ ಬೀಳುವ ಬಲ ಗ್ಯಾಂಟ್ರಿಯನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುತ್ತದೆ. ಸಿ-ಚಾನೆಲ್, ಐ-ಸೆಕ್ಷನ್‌ನಂಥ ತೆರೆದ ಆಕಾರಗಳು ನೋಡಲು ಗಟ್ಟಿ, ತೂಕವೂ ಇರುತ್ತದೆ, ಆದರೆ ತಿರುಚಿಗೆ ಬಹಳ ಮೃದು. ಗುಜರಿಯಲ್ಲಿ ಒಳ್ಳೆಯ ಚಾನೆಲ್ ಸಿಕ್ಕಿತೆಂದು ಗ್ಯಾಂಟ್ರಿಗೆ ಹಾಕಬೇಡಿ. ನಾಲ್ಕೂ ಬದಿ ಮುಚ್ಚಿದ ಟ್ಯೂಬ್ ಮಾತ್ರ ಹಾಕಿ.

ಹಾಗಾದರೆ ಅಳತೆ ಎಷ್ಟಿರಲಿ? ಅಗಲ 600, ಉದ್ದ 900 ಮಿ.ಮೀ. ಸಾಕು. ಅಗಲ ಗ್ಯಾಂಟ್ರಿಯ ಬಿಗಿತವನ್ನು ತಿನ್ನುತ್ತದೆ, ಉದ್ದ ಅಷ್ಟಾಗಿ ತಿನ್ನುವುದಿಲ್ಲ, ಗ್ಯಾಂಟ್ರಿ ಜಾರುವ ರೈಲು ಮತ್ತು ಅದನ್ನು ತಳ್ಳುವ ಸ್ಕ್ರೂ ಉದ್ದವಾಗುತ್ತವೆ ಅಷ್ಟೇ. ಫ್ರೇಮಿನ ಮುಂದಿನ ಮತ್ತು ಹಿಂದಿನ ಅಡ್ಡಪಟ್ಟಿಗಳನ್ನು ಬೆಡ್‌ಗಿಂತ ಕೆಳಗೆ ಇಟ್ಟರೆ ಉದ್ದನೆಯ ಹಲಗೆಯನ್ನು ಮುಂದಿನಿಂದ ತೂರಿಸಿ, ಒಂದು ಭಾಗ ಮುಗಿದ ಮೇಲೆ ಸರಿಸಿ ಮುಂದಿನ ಭಾಗ ಕತ್ತರಿಸಬಹುದು. 8 × 4 ಅಡಿ ಪ್ಲೈವುಡ್ ಹಾಳೆಯನ್ನು ಅಂಗಡಿಯಲ್ಲೇ 580 ಮಿ.ಮೀ. ಅಗಲದ ಪಟ್ಟಿಗಳಾಗಿ ಕೊಯ್ಯಿಸಿ ತನ್ನಿ. ಮೊದಲ ಮಹಡಿಗೆ ಪೂರ್ತಿ ಹಾಳೆ ಹತ್ತಿಸುವ ಪಾಡೂ ತಪ್ಪುತ್ತದೆ.

ಫ್ರೇಮಿಗೂ ಅದೇ 80 × 80 ಟ್ಯೂಬ್ ನಡೆಯುತ್ತದೆ. ಮೀಟರಿಗೆ ಸುಮಾರು 11 ಕೆ.ಜಿ. ತೂಗುತ್ತದೆ, ಉಕ್ಕಿನ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ವೆಲ್ಡಿಂಗ್ ಮಾಡಿಸಿದರೆ ಫ್ರೇಮ್ ಖಂಡಿತ ಎಳೆದು ಸೊಟ್ಟಾಗುತ್ತದೆ. ಮೊದಲು ಎಲ್ಲ ಮೂಲೆಗಳನ್ನೂ ಟ್ಯಾಕ್ ಮಾಡಿ (ಚುಕ್ಕಿಯಷ್ಟೇ ವೆಲ್ಡ್ ಹಾಕಿ), ಕರ್ಣಗಳನ್ನು ಅಳೆದು, ನಂತರ ಎದುರು-ಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡಲು ಹೇಳಿ. ಇಷ್ಟಾದರೂ 0.5ರಿಂದ 1 ಮಿ.ಮೀ. ಏರುಪೇರು ಉಳಿಯುತ್ತದೆ. ಅದರ ಮೇಲೆ ನೇರವಾಗಿ ಲೀನಿಯರ್ ರೈಲು ಬಿಗಿದರೆ ರೈಲು ಫ್ರೇಮಿನ ಸೊಟ್ಟವನ್ನೇ ಅನುಸರಿಸುತ್ತದೆ, ರೈಲಿನ ಮೇಲೆ ಜಾರುವ ಬೇರಿಂಗ್ ಬ್ಲಾಕ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಓಡುತ್ತದೆ.

ಇದಕ್ಕೆ ಎರಡು ದಾರಿ. ಪೀಣ್ಯ ಅಥವಾ ಕಾಮಾಕ್ಷಿಪಾಳ್ಯದ ಜಾಬ್ ವರ್ಕ್ ಶಾಪಿನಲ್ಲಿ ರೈಲು ಕೂರುವ ಎರಡೂ ಮೇಲ್ಮೈಗಳನ್ನು ಒಂದೇ ಸೆಟಿಂಗ್‌ನಲ್ಲಿ ಪ್ಲೇನೋ ಮಿಲ್ಲಿಂಗ್ (ದೊಡ್ಡ ಯಂತ್ರದಲ್ಲಿ ಸಮತಟ್ಟಾಗಿ ಕೆರೆಯುವುದು) ಮಾಡಿಸುವುದು ಮೊದಲನೆಯದು, ಉತ್ತಮವೂ ಅದೇ. ‘ಒಂದೇ ಸೆಟಿಂಗ್’ ಎಂಬುದನ್ನು ಒತ್ತಿ ಹೇಳಿ. ಫ್ರೇಮ್ ಬಿಚ್ಚಿ ತಿರುಗಿಸಿ ಕಟ್ಟಿದರೆ ಎರಡು ಬದಿ ಒಂದೇ ಸಮತಲದಲ್ಲಿ ಬರುವುದಿಲ್ಲ. ಟ್ಯೂಬಿನ ಗೋಡೆಯನ್ನೇ ಕೊರೆದು ತೆಳುಮಾಡದಿರಲು ಮೊದಲೇ 40 × 12 ಮಿ.ಮೀ. ಫ್ಲಾಟ್ ಪಟ್ಟಿಯನ್ನು ಮೇಲೆ ವೆಲ್ಡ್ ಮಾಡಿಸಿಕೊಳ್ಳಿ. ಶಾಪಿಗೆ ಹೋಗುವ ಮುಂಚೆ ಅವರ ಯಂತ್ರದ ಟೇಬಲ್ ಉದ್ದ ಕೇಳಿ, ಆಮೇಲೆ ಫ್ರೇಮಿನ ಉದ್ದ ನಿರ್ಧರಿಸಿ.

ಎರಡನೆಯದು ಎಪಾಕ್ಸಿ ಸುರಿಯುವುದು. ರೈಲು ಕೂರುವ ಜಾಗದ ಸುತ್ತ ಕಟ್ಟೆ ಕಟ್ಟಿ, ಎರಡು ಬದಿಗಳನ್ನು ಒಂದು ಅಡ್ಡ ಕಾಲುವೆಯಿಂದ ಜೋಡಿಸಿ, ನಿಧಾನವಾಗಿ ಗಟ್ಟಿಯಾಗುವ ತೆಳ್ಳನೆಯ ಎಪಾಕ್ಸಿಯನ್ನು 6–8 ಮಿ.ಮೀ. ದಪ್ಪಕ್ಕೆ ಸುರಿಯಬೇಕು. ದ್ರವ ತಾನೇ ಮಟ್ಟ ಹುಡುಕಿಕೊಳ್ಳುತ್ತದೆ. ಕಟ್ಟೆಯ ಅಂಚಿನಲ್ಲಿ ಎಪಾಕ್ಸಿ ಮೇಲಕ್ಕೆ ಏರಿ ನಿಲ್ಲುವುದರಿಂದ ರೈಲಿಗಿಂತ ಎರಡೂ ಬದಿ 12–15 ಮಿ.ಮೀ. ಹೆಚ್ಚು ಅಗಲ ಇಡಿ, ಆಮೇಲೆ ಆ ಅಂಚನ್ನು ಕೆರೆದು ತೆಗೆಯಿರಿ. ಬೇಗ ಸೆಟ್ ಆಗುವ ಎಪಾಕ್ಸಿ ಮಟ್ಟ ಹಿಡಿಯುವ ಮೊದಲೇ ಗಟ್ಟಿಯಾಗಿಬಿಡುತ್ತದೆ, ಅದು ಬೇಡ. ಮೂರು ದಿನ ಆ ಕೋಣೆಯಲ್ಲಿ ಓಡಾಡದಿರಿ.

ವಿ-ವ್ಹೀಲ್ ಮತ್ತು ಬೆಲ್ಟ್ ಕೈಬಿಡಿ. ಪ್ಲಾಸ್ಟಿಕ್ ಚಕ್ರ ಒತ್ತಡಕ್ಕೆ ಅಮುಕಿಕೊಳ್ಳುತ್ತದೆ, ಬೆಲ್ಟ್ ಹಿಗ್ಗುತ್ತದೆ. ಬೆಲ್ಟ್ ಉದ್ದವಾದಷ್ಟೂ ಹಿಗ್ಗು ಹೆಚ್ಚು. ಎರಡು ತುದಿಗಳಲ್ಲಿ ಮಾತ್ರ ಹಿಡಿದ ದುಂಡು ರಾಡ್ ಸಹ ಬೇಡ, ನಡುವೆ ಜೋಲುತ್ತದೆ. ಎಕ್ಸ್ (ಅಗಲ) ಮತ್ತು ವೈ (ಉದ್ದ) ಅಕ್ಷಗಳಿಗೆ 20 ಮಿ.ಮೀ. ಅಗಲದ ಎಚ್‌ಜಿಆರ್20 ರೈಲು, ಪ್ರತಿ ರೈಲಿಗೆ ಎರಡು ಬ್ಲಾಕ್. ಝಡ್ (ಮೇಲೆ-ಕೆಳಗೆ) ಅಕ್ಷಕ್ಕೆ ಎಚ್‌ಜಿಆರ್15 ಸಾಕು, 20 ಹಾಕಿದರೆ ಇನ್ನೂ ಒಳ್ಳೆಯದು. 900 ಮಿ.ಮೀ. ಓಟಕ್ಕೆ ವೈ ರೈಲು 1,200 ಮಿ.ಮೀ. ಉದ್ದ ಬೇಕಾಗುತ್ತದೆ, ಏಕೆಂದರೆ ಗ್ಯಾಂಟ್ರಿಯ ಬದಿ ಪ್ಲೇಟಿನಲ್ಲಿ ಎರಡು ಬ್ಲಾಕ್‌ಗಳನ್ನು 200–250 ಮಿ.ಮೀ. ದೂರ ಇಡಬೇಕು. ಬ್ಲಾಕ್‌ಗಳು ಹತ್ತಿರ ಹತ್ತಿರ ಇದ್ದರೆ ಗ್ಯಾಂಟ್ರಿ ತೂಗಾಡುತ್ತದೆ.

ರೈಲು ಕೂರಿಸುವ ಕ್ರಮಕ್ಕೆ ಆತುರ ಬೇಡ, ಯಂತ್ರದ ಗುಣ ಇಲ್ಲೇ ತೀರ್ಮಾನವಾಗುತ್ತದೆ. ಎಚ್‌ಜಿಆರ್20ರ ತೂತುಗಳ ಅಂತರ 60 ಮಿ.ಮೀ., ಬೋಲ್ಟ್ ಎಂ5, ಟ್ಯಾಪ್‌ಗೆ ಮೊದಲು 4.2 ಮಿ.ಮೀ. ಡ್ರಿಲ್. ಮೊದಲ ರೈಲನ್ನು ಒಳ್ಳೆಯ ಸ್ಟ್ರೇಟ್ ಎಡ್ಜ್‌ಗೆ ಒತ್ತಿ ನಡುವಿನಿಂದ ತುದಿಗಳ ಕಡೆಗೆ ಬಿಗಿಯಿರಿ. ಎರಡನೆಯದನ್ನು ಸಡಿಲವಾಗಿಯೇ ಬಿಟ್ಟು, ಗ್ಯಾಂಟ್ರಿಯನ್ನು ಬ್ಲಾಕ್‌ಗಳ ಮೇಲೆ ಕಟ್ಟಿ, ಕೈಯಿಂದ ಹಿಂದೆ-ಮುಂದೆ ಓಡಿಸುತ್ತಾ ಗ್ಯಾಂಟ್ರಿ ನಿಂತಲ್ಲೆಲ್ಲ ಅದರ ಹತ್ತಿರದ ಬೋಲ್ಟ್ ಬಿಗಿಯುತ್ತಾ ಹೋಗಿ. ಹೀಗೆ ಎರಡನೆಯ ರೈಲು ಮೊದಲನೆಯದಕ್ಕೆ ಸಮಾನಾಂತರವಾಗಿ ತಾನೇ ಕೂರುತ್ತದೆ. ಕೊನೆಯಲ್ಲಿ ಒಂದು ಬೆರಳಿನಿಂದ ತಳ್ಳಿದರೆ ಇಡೀ ಓಟದಲ್ಲಿ ಒಂದೇ ಹದದಲ್ಲಿ ಜಾರಬೇಕು. ಬ್ಲಾಕನ್ನು ರೈಲಿನಿಂದ ತೆಗೆಯುವಾಗ ಜೊತೆಗೆ ಬಂದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜಾರಿಸಿ, ಇಲ್ಲದಿದ್ದರೆ ಗುಂಡುಗಳು ಉದುರುತ್ತವೆ. ಬಾಲ್ ಸ್ಕ್ರೂವಿನ ನಟ್ಟನ್ನಂತೂ ಸ್ಕ್ರೂವಿನಿಂದ ಕಳಚಲೇಬೇಡಿ.

ಸ್ಕ್ರೂ ಎಲ್ಲ ಅಕ್ಷಗಳಿಗೂ ಎಸ್‌ಎಫ್‌ಯು1605, ಅಂದರೆ 16 ಮಿ.ಮೀ. ವ್ಯಾಸ, 5 ಮಿ.ಮೀ. ಲೀಡ್. ತುದಿಗಳನ್ನು ಬಿಕೆ12 ಮತ್ತು ಬಿಎಫ್12 ಬೇರಿಂಗ್‌ಗೆ ತಕ್ಕಂತೆ ಮೆಷಿನ್ ಮಾಡಿದ್ದನ್ನೇ ಕೊಳ್ಳಿ. 1,200 ಮಿ.ಮೀ. ಉದ್ದದ ಸ್ಕ್ರೂವನ್ನು ನಿಮಿಷಕ್ಕೆ 1,300 ಸುತ್ತಿಗಿಂತ ಹೆಚ್ಚು ಓಡಿಸಿದರೆ ಚಾಟಿಯಂತೆ ಬೀಸಲು ಶುರುವಾಗುತ್ತದೆ. 1,000 ಸುತ್ತಿಗೆ ನಿಲ್ಲಿಸಿ, ಅಲ್ಲಿಗೆ ನಿಮಿಷಕ್ಕೆ 5 ಮೀಟರ್ ವೇಗ ಸಿಕ್ಕಿತು, ನಿಮ್ಮ ಯಾವ ಕೆಲಸಕ್ಕೂ ಅದಕ್ಕಿಂತ ಹೆಚ್ಚು ಬೇಡ. ವೈ ಅಕ್ಷಕ್ಕೆ ಎರಡು ಬದಿಗೂ ಒಂದೊಂದು ಸ್ಕ್ರೂ ಹಾಕಿ. ನಡುವೆ ಒಂದೇ ಸ್ಕ್ರೂ ಇದ್ದರೆ ಬಿಟ್ ಒಂದು ಬದಿಯಲ್ಲಿ ಕತ್ತರಿಸುವಾಗ ಗ್ಯಾಂಟ್ರಿ ಓರೆಯಾಗುತ್ತದೆ.

ಝಡ್ ಓಟ 100–120 ಮಿ.ಮೀ. ಇರಲಿ, ಗ್ಯಾಂಟ್ರಿಯ ಕೆಳಗೆ 100 ಮಿ.ಮೀ. ಜಾಗ ಬಿಡಿ. ‘ಮುಂದೆ ಬೇಕಾಗಬಹುದು’ ಎಂದು 200 ಬಿಟ್ಟವರು ಆ ಎತ್ತರದ ಬೆಲೆಯನ್ನು ಪ್ರತಿ ಕಟ್‌ನಲ್ಲೂ ತೆರುತ್ತಾರೆ. ಝಡ್ ಪ್ಲೇಟ್ 20 ಮಿ.ಮೀ. ಅಲ್ಯೂಮಿನಿಯಂ.

ಮೋಟರ್ ನೆಮಾ 23, 3 ನ್ಯೂಟನ್-ಮೀಟರ್‌ನವು ನಾಲ್ಕು. ಅವನ್ನು ನಡೆಸುವ ಡ್ರೈವರ್ ಡಿಎಂ556 ಮಾದರಿ, 36 ವೋಲ್ಟ್ ಡಿಸಿ. ಇದರ ಮಿತಿ 50 ವೋಲ್ಟ್ ಆದ್ದರಿಂದ 48 ವೋಲ್ಟ್ ಕೊಟ್ಟರೆ ಮೋಟರ್ ಜೋರಾಗಿ ನಿಲ್ಲುವಾಗ ವಾಪಸ್ ಬರುವ ವೋಲ್ಟೇಜ್ ಸೇರಿ ಮಿತಿ ದಾಟಬಹುದು. ಮೈಕ್ರೋಸ್ಟೆಪ್ 8 ಇಡಿ, ಅಂದರೆ ಮೋಟರಿನ ಒಂದು ಹೆಜ್ಜೆ ಎಂಟು ಭಾಗ: ಸುತ್ತಿಗೆ 1,600 ಪಲ್ಸ್, 5 ಮಿ.ಮೀ. ಲೀಡ್‌ಗೆ ಮಿ.ಮೀ.ಗೆ 320 ಪಲ್ಸ್. ನಿಮಿಷಕ್ಕೆ 5 ಮೀಟರ್ ಓಡಲು ಸೆಕೆಂಡಿಗೆ ಸುಮಾರು 27,000 ಪಲ್ಸ್ ಬೇಕು. ಆರ್ಡುಯಿನೋ ಊನೋ ಬೋರ್ಡ್ ಮೇಲಿನ ಜಿಆರ್‌ಬಿಎಲ್ (ಯಂತ್ರ ನಡೆಸುವ ತಂತ್ರಾಂಶ) ಸುಮಾರು 30,000ದವರೆಗೆ ಮಾತ್ರ ಕೊಡಬಲ್ಲದು. ನುಣುಪಾಗಲಿ ಎಂದು ಮೈಕ್ರೋಸ್ಟೆಪ್ 16 ಮಾಡಿದರೆ 53,000 ಬೇಕಾಗಿ ಹೆಜ್ಜೆ ತಪ್ಪುತ್ತದೆ. ನಿಮ್ಮದು ಎರಡು ವೈ ಮೋಟರ್‌ಗಳ ಯಂತ್ರವಾದ್ದರಿಂದ ಇಎಸ್‌ಪಿ32 ಮೇಲೆ ಓಡುವ ಫ್ಲೂಯಿಡ್‌ಎನ್‌ಸಿ ಅಥವಾ ಜಿಆರ್‌ಬಿಎಲ್‌ಹಾಲ್ ಬೋರ್ಡ್ ಒಳ್ಳೆಯದು. ಎರಡು ಬದಿಗೂ ಹೋಮ್ ಸ್ವಿಚ್ ಹಾಕಿದರೆ ಪ್ರತಿ ಸಲ ಆನ್ ಮಾಡಿದಾಗ ಗ್ಯಾಂಟ್ರಿಯನ್ನು ಅದು ತಾನೇ ಮೂಲೆಮಟ್ಟಕ್ಕೆ ತರುತ್ತದೆ.

ಸ್ಪಿಂಡಲ್ 2.2 ಬದಲು 1.5 ಕಿಲೋವ್ಯಾಟ್ ವಾಟರ್ ಕೂಲ್ಡ್ ತೆಗೆದುಕೊಳ್ಳಿ. ಸ್ಪಿಂಡಲ್ ವೇಗ ನಿಯಂತ್ರಿಸುವ ವಿಎಫ್‌ಡಿ ಸಿಂಗಲ್ ಫೇಸ್‌ನಲ್ಲಿ ಎಳೆಯುವ ಕರೆಂಟ್ ವ್ಯಾಟ್ ಲೆಕ್ಕಕ್ಕಿಂತ ಬಹಳ ಹೆಚ್ಚು. ಪೂರ್ತಿ ಲೋಡ್‌ನಲ್ಲಿ 2.2 ಕಿಲೋವ್ಯಾಟ್‌ನದು 16 ಆಂಪಿಯರ್ ಪವರ್ ಪ್ಲಗ್ ಮೀರುತ್ತದೆ. 6 ಮಿ.ಮೀ. ಬಿಟ್ ಹಿಡಿಯಲು ಇಆರ್11 ಕಾಲೆಟ್ ಸಾಕು, ಅದರ ಮಿತಿ 7 ಮಿ.ಮೀ. 10 ಮಿ.ಮೀ. ಬಿಟ್ ಬೇಕಾದರೆ ಇಆರ್16 ಇರುವುದನ್ನು ಹುಡುಕಿ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ಎಂಸಿಬಿಯೊಂದಿಗೆ ಲೈನ್ ಎಳೆಸಿ, ಅರ್ಥಿಂಗ್ ಅಳೆಸಿ. ಹಳೆಯ ಬಾಡಿಗೆ ಮನೆಗಳಲ್ಲಿ ಮೂರನೆಯ ಪಿನ್‌ಗೆ ತಂತಿಯೇ ಇರದ ಪ್ಲಗ್ ಸಿಗುವುದುಂಟು. ವಿಎಫ್‌ಡಿ ಇರುವಲ್ಲಿ ಅದು ಪ್ರಾಣಕ್ಕೆ ಅಪಾಯ.

ವಿಎಫ್‌ಡಿ ಆನ್ ಮಾಡುವ ಮೊದಲು ಒಂದು ಸೆಟಿಂಗ್ ನೋಡಲೇಬೇಕು. ಈ ಸ್ಪಿಂಡಲ್‌ಗಳು 400 ಹರ್ಟ್ಸ್‌ನಲ್ಲಿ 220 ವೋಲ್ಟ್ ತೆಗೆದುಕೊಂಡು ನಿಮಿಷಕ್ಕೆ 24,000 ಸುತ್ತು ತಿರುಗುವಂಥವು. ಹಲವು ವಿಎಫ್‌ಡಿಗಳು ಬರುವಾಗ ಬೇಸ್ ಫ್ರೀಕ್ವೆನ್ಸಿ 50 ಹರ್ಟ್ಸ್‌ಗೆ ಇರುತ್ತದೆ. ಹಾಗೆಯೇ ಓಡಿಸಿದರೆ 50 ಹರ್ಟ್ಸ್‌ಗೇ ಪೂರ್ತಿ 220 ವೋಲ್ಟ್ ಹೋಗಿ ಕರೆಂಟ್ ಮಿತಿ ಮೀರಿ ವೈಂಡಿಂಗ್ ಸುಡುತ್ತದೆ. ಬೇಸ್ ಮತ್ತು ಗರಿಷ್ಠ ಎರಡನ್ನೂ 400ಕ್ಕೆ, ಕನಿಷ್ಠವನ್ನು 120ಕ್ಕೆ ಹಾಕಿ. ಕೂಲಿಂಗ್‌ಗೆ ಬೋರ್‌ವೆಲ್ ನೀರು ಬೇಡ. ಅದರ ಗಡಸುತನ ಸಣ್ಣ ಕಾಲುವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಕೂಲಂಟ್ ಬೆರೆಸಿ.

ಕೆಲಸದ ನಡುವೆ ಕಾರಣವಿಲ್ಲದೆ ‘ಲಿಮಿಟ್ ಅಲಾರ್ಮ್’ ಬಂದರೆ ಹೆಚ್ಚಿನ ಸಲ ಸ್ಪಿಂಡಲ್ ಕೇಬಲ್‌ನ ನಾಯ್ಸ್ ಕಾರಣ. ಸ್ಪಿಂಡಲ್‌ಗೆ ನಾಲ್ಕು ಎಳೆಯ ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ವಿಎಫ್‌ಡಿ ಕಡೆ ಅರ್ಥ್‌ಗೆ ಜೋಡಿಸಿ, ಸ್ವಿಚ್ ತಂತಿಗಳನ್ನು ಅದರಿಂದ ಕನಿಷ್ಠ 150 ಮಿ.ಮೀ. ದೂರ ಓಡಿಸಿ. ಸ್ವಿಚ್‌ಗಳು ನಾರ್ಮಲಿ ಕ್ಲೋಸ್ಡ್ ಇರಲಿ, ತಂತಿ ಕಿತ್ತರೂ ಯಂತ್ರ ನಿಲ್ಲುತ್ತದೆ. ಕರೆಂಟ್ ಹೋಗುತ್ತದೆಂದು ಕಂಟ್ರೋಲರ್ ಮತ್ತು ಮೋಟರ್‌ಗಳನ್ನು ಮಾತ್ರ ಯುಪಿಎಸ್‌ಗೆ ಹಾಕುವುದು ಅಪಾಯ: ಸ್ಪಿಂಡಲ್ ನಿಂತಿರುತ್ತದೆ, ಅಕ್ಷಗಳು ನಿಂತ ಬಿಟ್ಟನ್ನು ಲೋಹದೊಳಗೆ ಎಳೆಯುತ್ತವೆ. ಯುಪಿಎಸ್ ಬೇಕೇಬೇಕಾದರೆ ವಿಎಫ್‌ಡಿಯ ರಿಲೇಯಿಂದ ಕಂಟ್ರೋಲರ್‌ನ ಹೋಲ್ಡ್ ಪಿನ್‌ಗೆ ಸಿಗ್ನಲ್ ಕೊಡಿ. ಬೇರಿಂಗ್, ಬೋಲ್ಟ್, ಟ್ಯಾಪ್‌ಗೆ ಎಸ್‌ಜೆಪಿ ರಸ್ತೆ, ಪವರ್ ಸಪ್ಲೈ, ಕನೆಕ್ಟರ್, ಶೀಲ್ಡ್ ಕೇಬಲ್‌ಗೆ ಎಸ್‌ಪಿ ರಸ್ತೆ. ಎರಡೂ ಒಂದೇ ದಿನ ಮುಗಿಸಬಹುದಾದಷ್ಟು ಹತ್ತಿರ.

ಯಂತ್ರ ಕಟ್ಟಿ ಮುಗಿದ ಮೇಲೆ, ಒಂದು ಚೂರನ್ನೂ ಕತ್ತರಿಸುವ ಮುಂಚೆ ಈ ಪರೀಕ್ಷೆ ಮಾಡಿ. 0.01 ಮಿ.ಮೀ. ಓದುವ ಡಯಲ್ ಗೇಜನ್ನು ಬೆಡ್ ಮೇಲೆ ನಿಲ್ಲಿಸಿ, ಮುಳ್ಳನ್ನು ಸ್ಪಿಂಡಲ್ ಮೂತಿಗೆ ತಾಗಿಸಿ. ಮೋಟರ್‌ಗಳು ಆನ್ ಇರಲಿ. ಕೈ ತಕ್ಕಡಿಯ ಕೊಕ್ಕೆ ಹಾಕಿ ಸ್ಪಿಂಡಲನ್ನು 10 ಕೆ.ಜಿ. ಬಲದಲ್ಲಿ ಎಳೆಯಿರಿ, ಮೊದಲು ಎಕ್ಸ್ ದಿಕ್ಕಿಗೆ, ನಂತರ ವೈ ದಿಕ್ಕಿಗೆ. 0.05 ಮಿ.ಮೀ. ಒಳಗಿದ್ದರೆ ಅಲ್ಯೂಮಿನಿಯಂಗೆ ಯೋಗ್ಯ, 0.02 ಬಂದರೆ ಬಹಳ ಒಳ್ಳೆಯ ಯಂತ್ರ. 0.1 ದಾಟಿದರೆ ಬಿಟ್ ಬದಲಿಸಿ, ಸ್ಪೀಡ್ ಬದಲಿಸಿ ಫಲವಿಲ್ಲ. ಡಯಲನ್ನು ಒಂದೊಂದೇ ಹಂತ ಮೇಲಕ್ಕೆ ಸರಿಸುತ್ತಾ ಹೋಗಿ: ಸ್ಪಿಂಡಲ್ ಹಿಡಿ, ಝಡ್ ಪ್ಲೇಟ್, ಎಕ್ಸ್ ಪ್ಲೇಟ್, ಗ್ಯಾಂಟ್ರಿ ಟ್ಯೂಬ್, ಬದಿ ಪ್ಲೇಟ್. ಎರಡು ಹಂತಗಳ ನಡುವೆ ಓದು ಎಲ್ಲಿ ಹಠಾತ್ತಾಗಿ ಇಳಿಯುತ್ತದೋ ದೋಷ ಆ ಜೋಡಣೆಯಲ್ಲಿದೆ. ಎಳೆತ ಬಿಟ್ಟಾಗ ಮುಳ್ಳು ಸೊನ್ನೆಗೆ ಮರಳಿದರೆ ಅದು ಬಾಗು. ಮರಳದಿದ್ದರೆ ಎಲ್ಲೋ ಬೋಲ್ಟ್ ಸಡಿಲ ಅಥವಾ ಸ್ಕ್ರೂವಿನಲ್ಲಿ ಬ್ಯಾಕ್‌ಲ್ಯಾಶ್ (ನಟ್ಟಿನ ಸಡಿಲ ಆಟ). ಈ ವ್ಯತ್ಯಾಸ ಗೊತ್ತಾಗದೆ ಗ್ಯಾಂಟ್ರಿಯನ್ನೇ ಬದಲಿಸಿ, ಕೊನೆಗೆ ಬಿಕೆ12ರ ಲಾಕ್ ನಟ್ ಸಡಿಲ ಎಂದು ತಿಳಿಯುವ ಪ್ರಸಂಗಗಳಿವೆ.

ನಂತರ ಮೂಲೆಮಟ್ಟ. 300 ಮತ್ತು 400 ಮಿ.ಮೀ. ದೂರದಲ್ಲಿ ಮೂರು ತೂತು ಕೊರೆದು ಕರ್ಣ ಅಳೆಯಿರಿ, 500 ಬರಬೇಕು. ಸ್ಪಿಂಡಲ್ ನೆಟ್ಟಗಿದೆಯೇ ಎಂದು ನೋಡಲು ಡಯಲನ್ನು ಒಂದು ರಾಡ್‌ನಲ್ಲಿ ಕಟ್ಟಿ ಕಾಲೆಟ್‌ಗೆ ಸಿಕ್ಕಿಸಿ ಬೆಡ್ ಮೇಲೆ ಕೈಯಿಂದ ಸುತ್ತಿಸಿ, 200 ಮಿ.ಮೀ. ವೃತ್ತದಲ್ಲಿ 0.02–0.03ರ ಒಳಗೆ ಬರುವವರೆಗೆ ಶಿಮ್ (ತೆಳು ತಗಡು) ಕೊಡಿ. ಬೆಡ್ ಮೇಲಿನ ಎಂಡಿಎಫ್ ಹಲಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಜೂನ್ ಕಳೆದ ಮೇಲೆ ಒಮ್ಮೆ ಸಮತಟ್ಟು ಮಾಡಿಕೊಳ್ಳಿ.

ಅಲ್ಯೂಮಿನಿಯಂ ಕೊಳ್ಳುವಾಗ ಅಂಗಡಿಯಲ್ಲಿ ಎಚ್‌ಇ30 ಅಥವಾ ಎಚ್‌ಇ20 ಪ್ಲೇಟ್ ಕೇಳಿ, ಇವು 6082 ಮತ್ತು 6061 ದರ್ಜೆಗೆ ಹತ್ತಿರ, ಸಿಪ್ಪೆ ಬಿಡಿಯಾಗಿ ಹಾರುತ್ತದೆ. ಹೆಸರಿಲ್ಲದ ಮೆತ್ತನೆಯ ಹಾಳೆ ಬಿಟ್‌ಗೆ ಅಂಟುತ್ತದೆ. 6 ಮಿ.ಮೀ. ಸಿಂಗಲ್ ಫ್ಲೂಟ್ (ಒಂದೇ ಅಂಚಿನ) ಕಾರ್ಬೈಡ್ ಬಿಟ್, ಕೋಟಿಂಗ್ ಇಲ್ಲದ್ದು. ಅಲ್ಯೂಮಿನಿಯಂ ಅಂಶ ಇರುವ ಕಪ್ಪು-ನೇರಳೆ ಕೋಟಿಂಗ್‌ನ ಬಿಟ್ ಉಕ್ಕಿಗೆ ಸರಿ, ಇಲ್ಲಿ ಅಂಟುವುದನ್ನು ಹೆಚ್ಚಿಸುತ್ತದೆ. 18,000 ಸುತ್ತು, ಸುತ್ತಿಗೆ 0.04 ಮಿ.ಮೀ., ಅಂದರೆ ಫೀಡ್ (ಬಿಟ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 720 ಮಿ.ಮೀ., ಆಳ 0.5 ಮಿ.ಮೀ.ನಿಂದ ಶುರು ಮಾಡಿ. ಭಯದಿಂದ ಫೀಡ್ 200ಕ್ಕೆ ಇಳಿಸಿದರೆ ಮತ್ತೆ ಉಜ್ಜುವ ಕಥೆಯೇ. ನಡುಕದ ಕಿರುಚಾಟ ಬಂದರೆ ಆಳ ಕಡಿಮೆ ಮಾಡಿ, ಫೀಡ್ ಅಲ್ಲ. ಅಡಾಪ್ಟಿವ್ ಟೂಲ್‌ಪಾತ್ (ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುವ ಹಾದಿ) ಬಳಸುವುದಾದರೆ ಪಕ್ಕದ ಕಟ್ 0.6 ಮಿ.ಮೀ., ಆಳ 4 ಮಿ.ಮೀ., ಫೀಡ್ 1,200ವರೆಗೆ ಏರಿಸಬಹುದು, ಏಕೆಂದರೆ ಪಕ್ಕದ ಕಟ್ ಕಡಿಮೆಯಿದ್ದಾಗ ಸಿಪ್ಪೆ ಲೆಕ್ಕಕ್ಕಿಂತ ತೆಳ್ಳಗಾಗುತ್ತದೆ.

ಸಿಪ್ಪೆಯನ್ನು ಗಾಳಿಯಿಂದ ಊದುತ್ತಲೇ ಇರಬೇಕು. ತೋಡಿನಲ್ಲಿ ಉಳಿದ ಸಿಪ್ಪೆಯನ್ನೇ ಬಿಟ್ ಮತ್ತೆ ಕಡಿದರೆ ಅಂಟು ಶುರು. ಐಸೊಪ್ರೊಪೈಲ್ ಆಲ್ಕೋಹಾಲನ್ನು ಬ್ರಷ್‌ನಿಂದ ಹನಿ ಹನಿಯಾಗಿ ಹಚ್ಚಿ. ಮುಚ್ಚಿದ ಕೋಣೆಯಲ್ಲಿ ಅದನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಮಂಜಿನಂತೆ ಸಿಂಪಡಿಸಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಪ್ಲೇಟನ್ನು ನಾಲ್ಕು ಮೂಲೆಗಳಲ್ಲಿ ಸ್ಕ್ರೂ ಹಾಕಿ ಹಿಡಿಯಿರಿ, ಕತ್ತರಿಸಿ ಹೊರಬರುವ ತುಂಡಿಗೆ 1 ಮಿ.ಮೀ. ದಪ್ಪದ ಮೂರ್ನಾಲ್ಕು ಟ್ಯಾಬ್ (ಕತ್ತರಿಸದೆ ಉಳಿಸುವ ಸಣ್ಣ ಬೆಸುಗೆಯಂಥ ಕೊಂಡಿ) ಬಿಡಿ.

ತೇಗ ಮತ್ತು ಪ್ಲೈವುಡ್‌ಗೆ 6 ಮಿ.ಮೀ. ಎರಡು ಫ್ಲೂಟ್ ಬಿಟ್, 18,000 ಸುತ್ತು, ಫೀಡ್ 3,000 ಮಿ.ಮೀ., ಆಳ 3ರಿಂದ 5. ಪ್ಲೈವುಡ್‌ನ ಮೇಲ್ಪದರ ಸೀಳದಿರಲು ಕಂಪ್ರೆಷನ್ ಬಿಟ್. ಮರ ಕಪ್ಪಾದರೆ ಫೀಡ್ ಕಡಿಮೆಯಾಗಿದೆ ಎಂದರ್ಥ. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ, ಮನೆಮಂದಿ ಮಲಗುವ ಕೋಣೆಯ ಪಕ್ಕದಲ್ಲೇ ನಿಮ್ಮ ಯಂತ್ರ ಇರುವುದರಿಂದ ಸ್ಪಿಂಡಲ್ ಸುತ್ತ ಬ್ರಷ್ ಮುಚ್ಚಳ, ಸೈಕ್ಲೋನ್ ಇರುವ ವ್ಯಾಕ್ಯೂಮ್ ಮತ್ತು ಎನ್95 ಮಾಸ್ಕ್ ಮೊದಲ ದಿನದಿಂದಲೇ ಇರಲಿ. ಅಲ್ಯೂಮಿನಿಯಂ ಕೆಲಸಕ್ಕೆ ಮೊದಲು ವ್ಯಾಕ್ಯೂಮ್ ಡಬ್ಬಿಯಲ್ಲಿರುವ ಮರದ ಪುಡಿಯನ್ನು ಖಾಲಿ ಮಾಡಿ, ಬಿಸಿ ಸಿಪ್ಪೆ ಅದರೊಳಗೆ ಬೀಳಬಾರದು. ಕನ್ನಡಕ ಹಾಕಿ, ಕೈಗವಸು ಹಾಕಬೇಡಿ.

ದುಡ್ಡಿನ ಮಾತಿಗೆ ಬಂದರೆ, ಅರ್ಧಕ್ಕಿಂತ ಹೆಚ್ಚನ್ನು ಫ್ರೇಮ್, ಮಿಲ್ಲಿಂಗ್, ರೈಲು, ಸ್ಕ್ರೂಗೆ ಇಡಿ. ಸಾಲದೆ ಬಂದರೆ ಸ್ಪಿಂಡಲ್ ಜಾಗದಲ್ಲಿ ಸದ್ಯಕ್ಕೆ 700 ವ್ಯಾಟ್‌ನ ಟ್ರಿಮ್ಮರ್ ಕೂರಿಸಿ ಮರದ ಕೆಲಸ ಶುರು ಮಾಡಬಹುದು. ಸ್ಪಿಂಡಲನ್ನು, ಕಂಟ್ರೋಲರನ್ನು ಮುಂದೆ ಒಂದು ಭಾನುವಾರ ಬದಲಿಸಬಹುದು. ವೆಲ್ಡ್ ಆದ ಫ್ರೇಮನ್ನು, ಮಿಲ್ ಆದ ರೈಲಿನ ಮೇಲ್ಮೈಯನ್ನು ಹಾಗೆ ಬದಲಿಸಲು ಆಗುವುದಿಲ್ಲ.